ರೂಪನಗುಡಿ ಸೀಮೆಯ ಮಣ್ಣು: ನಕ್ಷೆ, ಭೂಬಳಕೆ, ಗುಣಗಳ ಅಂದಾಜು

ಒಂದು ಸೀಮೆಯಲ್ಲಿ ಯಾವ ಬಗೆಯ ಮಣ್ಣು ಎಲ್ಲಿಂದ ಎಲ್ಲಿಯವರೆಗೆ ಹಬ್ಬಿದೆ, ಎಷ್ಟು ಆಳಕ್ಕಿದೆ, ಅದರ ಅಡಿಯಲ್ಲಿ ಏನಿದೆ ಎಂಬುದನ್ನು ಗೆರೆಯೆಳೆದು ತೋರಿಸುವ ದಾಖಲೆಯೇ ಮಣ್ಣಿನ ನಕ್ಷೆ. ಅದೇ ನೆಲವನ್ನು ಜನ ಯಾವುದಕ್ಕೆ ಬಳಸುತ್ತಿದ್ದಾರೆ ಎಂಬುದನ್ನು ತೋರಿಸುವುದು ಭೂಬಳಕೆಯ ನಕ್ಷೆ. ಇವೆರಡರ ನಡುವೆ ಮೂರನೆಯ ಕೆಲಸವೊಂದಿದೆ. ಎಲ್ಲ ಹೊಲಗಳಲ್ಲೂ ಗುಂಡಿ ತೋಡಲಾಗುವುದಿಲ್ಲ, ಎಲ್ಲ ಮಣ್ಣನ್ನೂ ಪ್ರಯೋಗಾಲಯಕ್ಕೆ ಒಯ್ಯಲಾಗುವುದಿಲ್ಲ. ಆದ್ದರಿಂದ ತೋಡಿದ ಕೆಲವು ಗುಂಡಿಗಳನ್ನು ಆಧಾರವಾಗಿಟ್ಟುಕೊಂಡು ತೋಡದ ನೆಲದ ಗುಣವನ್ನು ಅಂದಾಜು ಮಾಡಬೇಕು. ಜೇಡಿಯ ಪ್ರಮಾಣ, ನೀರು ಹಿಡಿಯುವ ಶಕ್ತಿ, ನೀರು ಇಂಗುವ ವೇಗ, ಉಪ್ಪು, ಸೋಡಿಯಂ, ಸಾವಯವ ಇಂಗಾಲ ಇವೆಲ್ಲ ಈ ಅಂದಾಜಿಗೆ ಒಳಪಡುತ್ತವೆ. ಬಳ್ಳಾರಿ ನಗರ, ಕುರುಗೋಡು, ಸಿರುಗುಪ್ಪಗಳನ್ನು ಸೇರಿಸಿಕೊಂಡ ಬಯಲಿನಲ್ಲಿ, ಬಳ್ಳಾರಿ ತಾಲ್ಲೂಕಿನ ಹೋಬಳಿಯಾದ ರೂಪನಗುಡಿಯಂಥ ಕಡೆ, ಈ ಮೂರು ಕೆಲಸಗಳೂ ಒಂದನ್ನೊಂದು ಬಿಟ್ಟು ನಡೆಯಲಾರವು. ಸರ್ವೆ ನಂಬರಿನ ಮಟ್ಟಕ್ಕೆ ಇಳಿಯದ, ಗುಂಡಿ ತೋಡಿ ಪರೀಕ್ಷಿಸದ, ಕಾಲುವೆಯ ನೀರು ನೆಲವನ್ನು ಬದಲಿಸಿದಂತೆ ತಾನೂ ಬದಲಾಗದ ನಕ್ಷೆ ಈ ಸೀಮೆಗೆ ಸಾಲದು ಎಂಬುದೇ ಈ ಲೇಖನದ ವಾದ.

ಈ ಸೀಮೆಯನ್ನು ಹೊರಗಿನವರು ‘ಕಪ್ಪು ಮಣ್ಣಿನ ನಾಡು’ ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ತೊಡಕು ಅಲ್ಲಿಂದಲೇ ಶುರು. ಕಪ್ಪು ಮಣ್ಣೆಂದರೆ ದಖ್ಖನ್ನಿನ ಬಸಾಲ್ಟ್ ಶಿಲೆ ಕರಗಿ ಆದದ್ದು ಎಂದು ಶಾಲೆಯ ಪಾಠಗಳು ಹೇಳುತ್ತವೆ. ಬೆಳಗಾವಿ, ವಿಜಯಪುರಗಳ ಮಟ್ಟಿಗೆ ಅದು ಸರಿ. ಬಳ್ಳಾರಿಯಲ್ಲಿ ಎರೆ ಎನ್ನುವ ಕಪ್ಪು ಮಣ್ಣಿನ ಅಡಿಯಲ್ಲಿರುವುದು ಬಸಾಲ್ಟ್ ಅಲ್ಲ; ಗ್ರಾನೈಟ್, ನೈಸ್ ಮತ್ತು ಸಂಡೂರು ಕಡೆಗೆ ಧಾರವಾಡ ಪದರಶಿಲೆ. ರಾಬರ್ಟ್ ಬ್ರೂಸ್ ಫೂಟ್ ಈ ಜಿಲ್ಲೆಯ ಭೂವಿಜ್ಞಾನವನ್ನು ಊರೂರು ಸುತ್ತಿ ದಾಖಲಿಸಿದ. ಅದು 1895ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ‘ಮೆಮೊಯರ್ಸ್’ ಮಾಲೆಯ ಸಂಪುಟವಾಗಿ ಹೊರಬಂತು. ಗುಡ್ಡದ ಬುಡದಲ್ಲಿ ಶಿಲೆ ಕರಗಿ ಉಳಿದ ಗರಸು ಮತ್ತು ಕೆಂಪು ಮಸಾರಿ, ಇಳಿಜಾರು ತೀರಿದ ಬಯಲಿನಲ್ಲಿ ನೀರು ಹೊತ್ತು ತಂದು ಕೂಡಿಸಿದ ಆಳವಾದ ಎರೆ, ಇವೆರಡರ ಮಧ್ಯೆ ಎರಡೂ ಬೆರೆತ ಮಸಬು: ಕುರುಗೋಡಿನ ಬಂಡೆಗುಡ್ಡದಿಂದ ಬಯಲಿಗೆ ಇಳಿಯುವಾಗ ಈ ಸರಣಿ ಕೆಲವೇ ಕಿಲೋಮೀಟರುಗಳಲ್ಲಿ ಕಾಣಸಿಗುತ್ತದೆ. ಇದರ ಜೊತೆಗೆ ಹಗರಿ ಎಂದು ಕರೆಯುವ ವೇದಾವತಿಯ ದಂಡೆಯಲ್ಲಿ ಮರಳಿದೆ. ಬೇಸಿಗೆಯಲ್ಲಿ ಒಣಗಿದ ಹೊಳೆಪಾತ್ರದಿಂದ ಪಡುವಣ ಗಾಳಿ ಎತ್ತಿಕೊಂಡ ಮರಳು ಮೂಡಣ ದಂಡೆಯ ಮೇಲೆ ದಿಬ್ಬವಾಗಿ ಕೂತಿದೆ. ಅದರ ಕೆಳಗೆ ಹಳೆಯ ಎರೆ ಹೊಲ ಹೂತುಹೋಗಿರುವುದೂ ಉಂಟು. ಸಿರುಗುಪ್ಪದ ಕಡೆ ತುಂಗಭದ್ರೆಯ ಮೆಕ್ಕಲು. ಇಷ್ಟು ಬಗೆಗಳನ್ನು ಒಂದು ಬಣ್ಣದಲ್ಲಿ ತುಂಬಿಸಿದ ನಕ್ಷೆ ತಪ್ಪಲ್ಲದಿರಬಹುದು, ಪ್ರಯೋಜನವಂತೂ ಇಲ್ಲ.

ಎರೆಯ ನಡವಳಿಕೆಯನ್ನು ಅರಿಯದೆ ಮುಂದಿನ ಮಾತು ತಿಳಿಯದು. ಅದರಲ್ಲಿ ಜೇಡಿಯ ಪಾಲು ಹೆಚ್ಚು, ಅರ್ಧಕ್ಕೂ ಮೀರುವುದುಂಟು. ಆ ಜೇಡಿ ನೀರು ಕುಡಿದರೆ ಉಬ್ಬುವ, ಒಣಗಿದರೆ ಕುಗ್ಗುವ ಸ್ಮೆಕ್ಟೈಟ್ ಜಾತಿಯದು. ಬೇಸಿಗೆಯಲ್ಲಿ ಹೊಲ ಅಡಿಗಟ್ಟಲೆ ಆಳಕ್ಕೆ ಬಿರಿಯುತ್ತದೆ. ಮೊದಲ ಮಳೆಯ ನೀರು ಆ ಬಿರುಕುಗಳಲ್ಲಿ ಸರ್ರನೆ ಇಳಿಯುತ್ತದೆ; ಎರಡು ಮಳೆಗೆ ಮಣ್ಣು ಉಬ್ಬಿ ಬಿರುಕು ಮುಚ್ಚಿತೆಂದರೆ ಮುಂದಿನ ನೀರು ಇಂಗುವುದು ಗಂಟೆಗೆ ಮಿಲಿಮೀಟರಿನ ಲೆಕ್ಕದಲ್ಲಿ. ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಳೆಯ ಈ ನಾಡಿನಲ್ಲಿ ಒಂದೆಡೆ ಬರ, ಇನ್ನೊಂದೆಡೆ ಬಿದ್ದ ಮಳೆಯೇ ಹರಿದುಹೋಗಿ ಮಣ್ಣನ್ನು ಕೊಚ್ಚುವ ವಿಪರೀತ ಸ್ಥಿತಿಗೆ ಕಾರಣ ಇದೇ. ಹೀಗಾಗಿ ಆಳವಾದ ಎರೆಯಲ್ಲಿ ರೈತರು ಮುಂಗಾರಿನಲ್ಲಿ ಹೊಲವನ್ನು ಖಾಲಿ ಬಿಟ್ಟು, ಕುಂಟೆ ಹೊಡೆದು ಹದ ಉಳಿಸಿಕೊಂಡು, ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬೆ, ಹತ್ತಿ ಬಿತ್ತುವ ಪದ್ಧತಿ ಬೆಳೆಸಿಕೊಂಡರು. ಮಸಾರಿಯ ಲೆಕ್ಕ ಬೇರೆ. ಅದು ಬೇಗ ನೀರು ಕುಡಿಯುತ್ತದೆ, ಬೇಗ ಒಣಗುತ್ತದೆ. ಮುಂಗಾರಿನ ನವಣೆ, ಸಜ್ಜೆ, ಶೇಂಗಾ ಅದಕ್ಕೆ ಒಗ್ಗಿದವು. ಮಣ್ಣಿನ ಗೆರೆಯೇ ಬೆಳೆಯ ಗೆರೆಯಾಗಿತ್ತು ಎಂದರೂ ಸಲ್ಲುತ್ತದೆ. ಈ ಹೊಂದಾಣಿಕೆಯ ಬೇರು ಬಹಳ ಹಳೆಯದು: ಬಳ್ಳಾರಿಗೆ ಅಂಟಿಕೊಂಡಂತಿರುವ ಸಂಗನಕಲ್ಲಿನ ನವಶಿಲಾಯುಗದ ನೆಲೆಯಲ್ಲಿ ಸುಟ್ಟು ಉಳಿದ ಕೊರಲೆ, ಹುರುಳಿ, ಹೆಸರಿನ ಕಾಳುಗಳು ಸಿಕ್ಕಿವೆ. ಅವೆಲ್ಲ ಕಡಿಮೆ ಮಳೆಗೆ ಒಗ್ಗಿದ ಬೆಳೆಗಳೇ.

ನೆಲವನ್ನು ಅಳೆದು ದರ್ಜೆ ಹಾಕುವ ಕೆಲಸ ಇಲ್ಲಿ ವಿಜ್ಞಾನದಿಂದ ಮೊದಲಾಗಲಿಲ್ಲ, ಕಂದಾಯದಿಂದ ಮೊದಲಾಯಿತು. 1800ರಲ್ಲಿ ನಿಜಾಮನು ಬಿಟ್ಟುಕೊಟ್ಟ ದತ್ತ ಜಿಲ್ಲೆಗಳಿಗೆ ಪ್ರಧಾನ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ 1807ರವರೆಗೆ ಇಲ್ಲಿದ್ದು ಹೊಲಹೊಲವನ್ನೂ ಅಳೆಸಿದ. ಅವನು ನಿಗದಿ ಮಾಡಿದ ಸರಪಳಿಯ ಉದ್ದ 33 ಅಡಿ. ಆ ಸರಪಳಿಯ ಒಂದು ಚೌಕವೇ ಗುಂಟೆ, 40 ಗುಂಟೆಗೆ ಒಂದು ಎಕರೆ. ಅಳತೆಯ ಹಿಂದೆ ದರ್ಜೆ ಕಟ್ಟುವವರು ಬಂದು, ಊರಿನ ರೆಡ್ಡಿ, ಕರಣಂ, ರೈತರನ್ನು ಜೊತೆಗಿಟ್ಟುಕೊಂಡು ಒಂದೊಂದು ಹೊಲಕ್ಕೂ ದರ್ಜೆ ಹಾಕಿದರು. ಆಮೇಲೆ ಮದ್ರಾಸ್ ಸರ್ಕಾರದ ಜಮಾಬಂದಿಯಲ್ಲಿ ಕಪ್ಪು, ಕೆಂಪು ಮಣ್ಣುಗಳನ್ನು ಜೇಡಿ, ಗೋಡು, ಮರಳು ಎಂದು ಒಡೆದು ‘ತರಂ’ ನಿಗದಿ ಮಾಡುವ ಕ್ರಮ ನೆಲೆಗೊಂಡಿತು. ಈ ದರ್ಜೆಗಳನ್ನು ಇಂದಿನ ಮಣ್ಣು ವಿಜ್ಞಾನಿ ಹಗುರವಾಗಿ ಕಾಣಬಾರದು. ಹೊಲದ ಅಳತೆಗೆ ಇಳಿದದ್ದು, ಊರವರ ತಿಳಿವಳಿಕೆಯನ್ನು ದಾಖಲೆಗೆ ತಂದದ್ದು ಆ ಕೆಲಸದ ದೊಡ್ಡ ಗುಣ. ಕೊರತೆಯೂ ಅಷ್ಟೇ ದೊಡ್ಡದು: ಅದು ಕೇಳಿದ್ದು ‘ಈ ಹೊಲ ಎಷ್ಟು ಕಂದಾಯ ಕೊಟ್ಟೀತು’ ಎಂಬ ಒಂದೇ ಪ್ರಶ್ನೆ. ಆಳವೆಷ್ಟು, ಕೆಳಪದರದಲ್ಲಿ ಉಪ್ಪೆಷ್ಟು, ನೀರು ಕಟ್ಟಿದರೆ ಏನಾದೀತು ಎಂದು ಅದು ಕೇಳಲಿಲ್ಲ. ಆಗ ಕೇಳುವ ಅಗತ್ಯವೂ ಇರಲಿಲ್ಲ, ಏಕೆಂದರೆ ಎರೆಗೆ ನೀರು ಕಟ್ಟುವವರೇ ಅಪರೂಪ. ವಿಜಯನಗರದ ಕಾಲದ ಸಿರುಗುಪ್ಪ, ದೇಶನೂರು ಕಾಲುವೆಗಳು ನೀರುಣಿಸುತ್ತಿದ್ದುದು ಹೊಳೆಯಂಚಿನ ನೆಲಕ್ಕೆ.

ಇಪ್ಪತ್ತನೆಯ ಶತಮಾನದಲ್ಲಿ ಪ್ರಶ್ನೆ ಬದಲಾಯಿತು. 1906ರಲ್ಲಿ ಹಗರಿಯಲ್ಲಿ ಕೃಷಿ ಸಂಶೋಧನಾ ಕೇಂದ್ರ ಆರಂಭವಾಗಿ ಒಣಬೇಸಾಯದ ಹತ್ತಿ, ಜೋಳಗಳ ಮೇಲೆ ಪ್ರಯೋಗ ನಡೆಯಿತು. ತುಂಗಭದ್ರೆಗೆ ಅಣೆಕಟ್ಟೆಯ ಮಾತು ಬಲವಾದಾಗ, ಕಪ್ಪು ಮಣ್ಣಿಗೆ ಕಾಲುವೆ ನೀರು ಕೊಟ್ಟರೆ ಏನಾಗುತ್ತದೆ ಎಂದು ಮುಂಚಿತವಾಗಿ ಅರಿಯಲು 1937ರಲ್ಲಿ ಸಿರುಗುಪ್ಪದಲ್ಲಿ ಇನ್ನೊಂದು ಕೇಂದ್ರ ಶುರುವಾಯಿತು. ಅಣೆಕಟ್ಟೆಗೆ ಅಡಿಗಲ್ಲು ಬಿದ್ದದ್ದು 1945ರಲ್ಲಿ. ನೀರು ಹರಿದದ್ದು 1953ರಲ್ಲಿ, ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ ವರ್ಷವೇ. ಅಂದರೆ ಮಣ್ಣನ್ನು ಕೇಳಿ ನೀರು ಬಿಡಬೇಕೆಂಬ ವಿವೇಕ ಆ ಕಾಲದವರಿಗೆ ಇತ್ತು. ಯೋಜನೆಯ ‘ಲೋಕಲೈಸೇಶನ್’ ಅದೇ ವಿವೇಕದ ಫಲ: ಎರೆ ಭೂಮಿಯ ಬಹುಭಾಗವನ್ನು ಜೋಳ, ಹತ್ತಿ, ಶೇಂಗಾದಂಥ ಹಗುರ ನೀರಾವರಿ ಬೆಳೆಗಳಿಗೆ ಗುರುತಿಸಿ, ಭತ್ತಕ್ಕೆ ಸೀಮಿತ ಪ್ರದೇಶವನ್ನಷ್ಟೇ ಬಿಟ್ಟರು. ನೀರು ಹೆಚ್ಚು ಜನರಿಗೆ ಹಂಚಿಹೋಗಲಿ ಎಂಬುದು ಒಂದು ಕಾರಣ, ಎರೆ ಹೆಚ್ಚು ನೀರು ತಾಳದು ಎಂಬುದು ಇನ್ನೊಂದು. ಕಾಗದದ ಮೇಲಿನ ಆ ಗೆರೆ ನೆಲದ ಮೇಲೆ ನಿಲ್ಲಲಿಲ್ಲ. ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹಬ್ಬಿತು, ಸಿರುಗುಪ್ಪ ಭತ್ತದ ಕಣಜವೆಂದು ಹೆಸರಾಯಿತು, ಕೊನೆಭಾಗದ ಹೊಲಗಳಿಗೆ ನೀರು ಮುಟ್ಟುವುದು ಕಷ್ಟವಾಯಿತು. ರೈತನನ್ನು ದೂರಿ ಫಲವಿಲ್ಲ: ನಿಂತ ನೀರಿನಲ್ಲಿ ಬೆಳೆಯುವ, ಖಚಿತವಾಗಿ ಮಾರಾಟವಾಗುವ ಬೆಳೆ ಅದೊಂದೇ, ಮೇಲಾಗಿ ಕಾಲುವೆಯ ಪಕ್ಕದ ಹೊಲ ನೆನೆದು ಜೌಗಾದ ಮೇಲೆ ಜೋಳ ಹಾಕುವುದಾದರೂ ಹೇಗೆ? ಆದರೆ ಮಣ್ಣು ತನ್ನ ಲೆಕ್ಕ ಬಿಡಲಿಲ್ಲ. ಇಂಗದ ಮಣ್ಣಿನಲ್ಲಿ ನೀರು ನಿಂತು ಅಂತರ್ಜಲದ ಮಟ್ಟ ಮೇಲೇರಿತು, ಕೆಳಪದರದಲ್ಲಿ ಸುಮ್ಮನಿದ್ದ ಉಪ್ಪು ನೀರಿನೊಡನೆ ಮೇಲೆ ಬಂತು, ಬಿಸಿಲು ನೀರನ್ನಷ್ಟೇ ಹೀರಿ ಉಪ್ಪನ್ನು ಬಿಟ್ಟಿತು. ತಗ್ಗಿನ ಹೊಲಗಳು ಸವಳು-ಜವಳಾದವು. ತುಂಗಭದ್ರಾ ಅಚ್ಚುಕಟ್ಟಿನ ಈ ಸಮಸ್ಯೆಗಾಗಿಯೇ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಲವಣಪೀಡಿತ ಮಣ್ಣಿನ ಅಧ್ಯಯನ ಇಂದಿಗೂ ನಡೆಯುತ್ತಿದೆ. ಭೂಬಳಕೆಯೇ ಮಣ್ಣನ್ನು ಬದಲಿಸಿತೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ.

ಮಳೆಯಾಶ್ರಿತ ಹೊಲಗಳಲ್ಲಿ ಇನ್ನೊಂದು ಪಾಠ ಸಿಕ್ಕಿತು. ಮಣ್ಣು ಮತ್ತು ಜಲ ಸಂರಕ್ಷಣೆಯ ಸಂಶೋಧನಾ ಕೇಂದ್ರ ಬಳ್ಳಾರಿಯಲ್ಲಿ 1954ರಲ್ಲಿ ಸ್ಥಾಪನೆಯಾದದ್ದು ಕಪ್ಪು ಮಣ್ಣಿನ ಸವಕಳಿಗೆ ಪರಿಹಾರ ಹುಡುಕಲೆಂದು. ಸಮಪಾತಳಿ ಬದು ಕೆಂಪು ಮಸಾರಿಯಲ್ಲಿ ಮಳೆನೀರನ್ನು ತಡೆದು ಇಂಗಿಸುತ್ತದೆ. ಅದೇ ಬದುವನ್ನು ಆಳವಾದ ಎರೆಯಲ್ಲಿ ಹಾಕಿದರೆ ನೀರು ಇಂಗದೆ ಬದುವಿನ ಬದಿಯಲ್ಲಿ ನಿಂತು ಬೆಳೆ ಕೊಳೆಯುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟ ಬದು ಮರುಮಳೆಗೆ ಒಡೆಯುತ್ತದೆ. ಎರೆಗೆ ಬೇಕಾದದ್ದು ನೀರನ್ನು ನಿಧಾನವಾಗಿ ಹೊರಗೊಯ್ಯುವ ಇಳಿಜಾರಿನ ಬದು. ಒಂದು ಹಳ್ಳಿಯೊಳಗೆ ಎರೆ ಎಲ್ಲಿ ಮುಗಿದು ಮಸಾರಿ ಎಲ್ಲಿ ಶುರುವಾಗುತ್ತದೆ ಎಂದು ತಿಳಿಯದೆ ಒಂದೇ ಮಾದರಿಯ ಬದು ಹಾಕಿದರೆ ಖರ್ಚು ಮಾಡಿದ ಹಣವೇ ಕೊರಕಲಾಗಿ ಹರಿಯುತ್ತದೆ.

ಇಲ್ಲಿಗೆ ನಕ್ಷೆಯ ಅಳತೆಯ ಪ್ರಶ್ನೆ ಬರುತ್ತದೆ; ಇದನ್ನು ಸ್ವಲ್ಪ ಲೆಕ್ಕ ಹಾಕಿಯೇ ನೋಡಬೇಕು. ಸಾಮಾನ್ಯ ನಿಯಮದಂತೆ ನಕ್ಷೆಯ ಮೇಲೆ 0.4 ಚದರ ಸೆಂಟಿಮೀಟರಿಗಿಂತ ಚಿಕ್ಕದಾದ ತುಂಡನ್ನು ಓದುವಂತೆ ಬಿಡಿಸಲಾಗದು. 1976ರಲ್ಲಿ ಸ್ಥಾಪನೆಯಾದ, ಇಂದು ನಾಗಪುರದಲ್ಲಿರುವ ರಾಷ್ಟ್ರೀಯ ಮಣ್ಣು ಸಮೀಕ್ಷೆ ಮತ್ತು ಭೂಬಳಕೆ ಯೋಜನಾ ಸಂಸ್ಥೆ ಇಡೀ ಕರ್ನಾಟಕಕ್ಕೆ 1:2,50,000 ಪ್ರಮಾಣದ ಮಣ್ಣಿನ ನಕ್ಷೆಯನ್ನು ಸಿದ್ಧಪಡಿಸಿತು. ರಾಜ್ಯದ ಮಟ್ಟಕ್ಕೆ ಅದು ಮಹತ್ವದ ಕೆಲಸ. ಆದರೆ ಆ ಪ್ರಮಾಣದಲ್ಲಿ ತೋರಿಸಬಹುದಾದ ಅತಿ ಚಿಕ್ಕ ತುಂಡು 250 ಹೆಕ್ಟೇರ್, ಅಂದರೆ ಆರುನೂರು ಎಕರೆಗೂ ಹೆಚ್ಚು. ಚಿಕ್ಕ ಹಳ್ಳಿಯೊಂದರ ಹೊಲಗಳ ದೊಡ್ಡ ಪಾಲು ಅದರೊಳಗೆ ಮುಳುಗಿಹೋಗುತ್ತದೆ. 1:50,000ಕ್ಕೆ ಬಂದರೆ 10 ಹೆಕ್ಟೇರ್. ಆದರೂ ಹಲವು ರೈತರ ಹೊಲಗಳು ಒಂದೇ ಬಣ್ಣದಲ್ಲಿ. ಮೈಲಿಗೆ ಎಂಟು ಅಂಗುಲದ ಗ್ರಾಮನಕ್ಷೆಯ ಪ್ರಮಾಣವಾದ 1:7,920ಕ್ಕೆ ಇಳಿದಾಗ ಕಾಲು ಹೆಕ್ಟೇರ್, ಸುಮಾರು 25 ಗುಂಟೆ. ಹೊಲದ ಒಳಗಿನ ವ್ಯತ್ಯಾಸವೂ ಕಾಣತೊಡಗುವುದು ಇಲ್ಲಿಯೇ. ವಿಶ್ವಬ್ಯಾಂಕಿನ ನೆರವಿನ ಸುಜಲಾ ಮೂರನೆಯ ಹಂತದ ಯೋಜನೆಯಲ್ಲಿ ಕರ್ನಾಟಕ ಈ ಪ್ರಮಾಣವನ್ನೇ ಆರಿಸಿಕೊಂಡು, ಕಿರುಜಲಾನಯನಗಳಲ್ಲಿ ಗುಂಡಿ ತೋಡಿ, ಮಣ್ಣಿನ ಪದರಗಳನ್ನು ಬರೆದುಕೊಂಡು, ಸರ್ವೆ ನಂಬರುವಾರು ಭೂಸಂಪನ್ಮೂಲ ಸಮೀಕ್ಷೆ ನಡೆಸಿತು. ದೇಶದಲ್ಲಿ ಇಷ್ಟು ಹತ್ತಿರದಿಂದ ನೆಲವನ್ನು ನೋಡಿದ ಸರ್ಕಾರಿ ಕೆಲಸಗಳು ಕಡಿಮೆ. ದಾರಿ ಗೊತ್ತಿಲ್ಲವೆಂದು ಹೇಳುವಂತಿಲ್ಲ. ಕರ್ನಾಟಕವೇ ಅದನ್ನು ನಡೆದು ತೋರಿಸಿದೆ.

ಪ್ರಮಾಣ ಸರಿಯಾದರೂ ಅಳೆಯಬೇಕಾದದ್ದನ್ನು ಅಳೆಯದಿದ್ದರೆ ನಕ್ಷೆ ಹುಸಿಯೇ. ಈ ಸೀಮೆಗೆ ಮೊದಲ ಗುಣ ಆಳ. ಎರೆ ಒಂದು ಮೀಟರ್ ಆಳದಲ್ಲಿ ಬೆಳೆಗೆ ಸಿಗುವ 150 ಮಿಲಿಮೀಟರ್ ನೀರು ಹಿಡಿಯುತ್ತದೆ ಎಂದು ಇಟ್ಟುಕೊಳ್ಳೋಣ. 45 ಸೆಂಟಿಮೀಟರಿಗೆ ಗರಸು ಸಿಗುವ ಹೊಲದಲ್ಲಿ ಉಳಿಯುವುದು 67.5 ಮಿಲಿಮೀಟರ್, 120 ಸೆಂಟಿಮೀಟರ್ ಆಳದ ಹೊಲದಲ್ಲಿ 180. ಮೇಲಿನಿಂದ ನೋಡಿದರೆ ಎರಡೂ ಒಂದೇ ಕಪ್ಪು. ಬಿತ್ತಿದ ಮೇಲೆ ಮಳೆ ಬಾರದಿದ್ದರೆ ಒಂದು ಜೋಳ ತೆನೆ ಕಟ್ಟುತ್ತದೆ, ಇನ್ನೊಂದು ಮೊಳಕಾಲೆತ್ತರಕ್ಕೇ ಒಣಗುತ್ತದೆ. ಬೆಳೆವಿಮೆಯ ಪರಿಹಾರ ಗ್ರಾಮ ಪಂಚಾಯಿತಿಯ ಸರಾಸರಿ ಇಳುವರಿಯ ಮೇಲೆ ನಿಲ್ಲುವಾಗ ಈ ಎರಡು ಹೊಲಗಳು ಒಂದೇ ತಕ್ಕಡಿಯಲ್ಲಿ ತೂಗಿಹೋಗುತ್ತವೆ. ಆಳವಿಲ್ಲದ ಹೊಲದವನ ನಷ್ಟವನ್ನು ಆಳದ ಹೊಲದ ಇಳುವರಿ ಮುಚ್ಚಿಹಾಕುತ್ತದೆ.

ಎರಡನೆಯದು ಉಪ್ಪು ಮತ್ತು ಸೋಡಿಯಂ. 1954ರಲ್ಲಿ ಅಮೆರಿಕದ ಲವಣ ಪ್ರಯೋಗಾಲಯ ಹೊರತಂದ ಕೈಪಿಡಿಯಂತೆ, ಮಣ್ಣಿನ ಜೇಡಿಗೆ ಅಂಟಿದ ಸೋಡಿಯಂ ಶೇ 15 ದಾಟಿದರೆ ಅದು ಕ್ಷಾರ ಮಣ್ಣು. ಜಗತ್ತಿನ ಬಹುಭಾಗ ಈ ಅಂಕಿಯನ್ನೇ ಬಳಸಿತು. ಆದರೆ ಮಹಾರಾಷ್ಟ್ರದ ಪೂರ್ಣಾ ಕಣಿವೆಯ ಕಪ್ಪು ಮಣ್ಣಿನಲ್ಲಿ ನಾಗಪುರದ ಸಂಸ್ಥೆಯ ವಿಜ್ಞಾನಿಗಳು ಕಂಡದ್ದು, ಶೇ 5ರ ಆಸುಪಾಸಿಗೇ ನೀರಿನ ಓಟ ಕುಂಠಿತವಾಗಿ ಹತ್ತಿಯ ಇಳುವರಿ ಕುಸಿಯುತ್ತದೆ ಎಂದು. ಉಬ್ಬುವ ಜೇಡಿಗೆ ಸ್ವಲ್ಪ ಸೋಡಿಯಂ ಸಾಕು. ಬೇರೊಂದು ನೆಲದಲ್ಲಿ ಹುಟ್ಟಿದ ಗಡಿರೇಖೆಯನ್ನು ಬಳ್ಳಾರಿಯ ಎರೆಗೆ ತಂದು ಹಾಕಿದರೆ, ಆಗಲೇ ಕೆಡತೊಡಗಿದ ಹೊಲ ನಕ್ಷೆಯಲ್ಲಿ ‘ಸಾಮಾನ್ಯ’ ಎಂದು ದಾಖಲಾಗುತ್ತದೆ. ಉಪ್ಪಿನ ಅಳತೆಯಲ್ಲೂ ಇಂಥದೇ ಒಂದು ಬಲೆ ಇದೆ. ಕೈಪಿಡಿ ಹೇಳುವ, ಮೀಟರಿಗೆ 4 ಡೆಸಿಸೀಮನ್ಸ್ ವಿದ್ಯುದ್ವಾಹಕತೆ ಎಂಬ ಗಡಿ ಮಣ್ಣನ್ನು ನೀರಿನಲ್ಲಿ ಕಲಸಿ ಮುದ್ದೆ ಮಾಡಿ ಹಿಂಡಿದ ರಸಕ್ಕೆ ಸೇರಿದ್ದು. ನಮ್ಮ ಪ್ರಯೋಗಾಲಯಗಳು ಸಾಮಾನ್ಯವಾಗಿ ಮಣ್ಣಿಗೆ ಎರಡು-ಎರಡೂವರೆ ಪಟ್ಟು ನೀರು ಬೆರೆಸಿ ಅಳೆಯುತ್ತವೆ. ನೀರು ಹೆಚ್ಚಾದಷ್ಟೂ ಅಂಕಿ ಇಳಿಯುತ್ತದೆ. ಹೀಗೆ ಅಳೆದು ಬಂದ 1 ಅಥವಾ 1.5ನ್ನು ನೋಡಿ ನಿಶ್ಚಿಂತರಾದರೆ, ಬೇರಿನ ಬಳಿ ಅದು ಹಲವು ಪಟ್ಟು ಹೆಚ್ಚಿರುವುದು ಕಾಣದೆ ಹೋಗುತ್ತದೆ. ಅಳತೆಯ ವಿಧಾನ ಬರೆಯದ ಅಂಕಿಯನ್ನು ನಕ್ಷೆಗೆ ಹಾಕಲೇಬಾರದು.

ಸಾವಯವ ಇಂಗಾಲದ ಅಂದಾಜೂ ಎಚ್ಚರ ಬೇಡುತ್ತದೆ. ಒಣಬೇಸಾಯದ ಎರೆಯಲ್ಲಿ ಅದು ಸಾಮಾನ್ಯವಾಗಿ ಅರ್ಧ ಶೇಕಡಕ್ಕಿಂತ ಕಡಿಮೆ. ಒಂದು ಹೆಕ್ಟೇರಿನ ಮೇಲಿನ 30 ಸೆಂಟಿಮೀಟರಿನಲ್ಲಿ ಎಷ್ಟು ಇಂಗಾಲವಿದೆ ಎಂದು ತಿಳಿಯಲು ಮಣ್ಣಿನ ಸಾಂದ್ರತೆ ಗೊತ್ತಿರಬೇಕು. ಸಾಂದ್ರತೆ 1.3 ಎಂದರೆ ಅರ್ಧ ಶೇಕಡದ ಲೆಕ್ಕಕ್ಕೆ 19.5 ಟನ್, 1.5 ಎಂದರೆ 22.5 ಟನ್. ಒದ್ದೆಯಾದಾಗ ಉಬ್ಬಿ, ಒಣಗಿದಾಗ ಕುಗ್ಗುವ ಎರೆಯಲ್ಲಿ ಸಾಂದ್ರತೆ ಋತುವಿನಿಂದ ಋತುವಿಗೆ ಬದಲಾಗುತ್ತದೆ. ಹೀಗಾಗಿ ಯಾವ ತಿಂಗಳಲ್ಲಿ, ಯಾವ ಹದದಲ್ಲಿ ಮಣ್ಣು ತೆಗೆದರೆಂದು ಬರೆಯದೆ, ಐದು ವರ್ಷದ ಮೇಲೆ ‘ಇಂಗಾಲ ಹೆಚ್ಚಿತು’ ಎಂದು ಸಾರಿದರೆ ಅದು ಮಣ್ಣು ಉಬ್ಬಿ ಕುಗ್ಗಿದ ಲೆಕ್ಕವಷ್ಟೇ ಆಗಿರಬಹುದು. ಇಂಗಾಲದ ಮಾರುಕಟ್ಟೆಯ ಮಾತು ಹಳ್ಳಿಗೂ ಬರುತ್ತಿರುವ ಈ ದಿನಗಳಲ್ಲಿ ಇದು ಚಿಕ್ಕ ವಿಷಯವಲ್ಲ.

ಉಪಗ್ರಹಗಳಿರುವಾಗ ಗುಂಡಿ ಏಕೆ ತೋಡಬೇಕು ಎಂಬುದು ಇಂದಿನ ದೊಡ್ಡ ಆಕ್ಷೇಪ. ಅದರಲ್ಲಿ ಹುರುಳಿದೆ. 1988ರಲ್ಲಿ ಭಾರತ ತನ್ನ ಮೊದಲ ಕಾರ್ಯಾಚರಣಾ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ ಹಾರಿಸಿದ ಮೇಲೆ ಭೂಬಳಕೆಯ ನಕ್ಷೆಯ ಕೆಲಸವೇ ಬದಲಾಯಿತು; ರಾಷ್ಟ್ರೀಯ ದೂರಸಂವೇದಿ ಕೇಂದ್ರ ದೇಶಕ್ಕೆಲ್ಲ 1:50,000 ಪ್ರಮಾಣದ ಭೂಬಳಕೆಯ ನಕ್ಷೆಗಳನ್ನು ಹಲವು ಸುತ್ತು ಮಾಡಿದೆ. ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ಒಂದು ಚುಕ್ಕಿಯ ಬದಿ 10 ಮೀಟರ್. ಮನ್ರೋನ 33 ಅಡಿಯ ಸರಪಳಿಯೂ ಹೆಚ್ಚುಕಡಿಮೆ 10 ಮೀಟರೇ. ಎರಡು ಶತಮಾನದ ಹಿಂದೆ ಆಳುಗಳು ಹೊಲದಲ್ಲಿ ಎಳೆದಾಡಿದ ಗುಂಟೆಯನ್ನು ಇಂದು ಆಕಾಶದಿಂದ ಕೆಲವೇ ದಿನಗಳಿಗೊಮ್ಮೆ ನೋಡಬಹುದು. ಆದರೆ ಸರಪಳಿಯ ಹಿಂದೆ ಊರಿನ ರೈತ ನಡೆಯುತ್ತಿದ್ದ, ಚುಕ್ಕಿಯ ಹಿಂದೆ ಯಾರೂ ಇಲ್ಲ. ಸೆಪ್ಟೆಂಬರಿನ ಚಿತ್ರದಲ್ಲಿ ಆಳವಾದ ಎರೆ ಹೊಲ ಬರಿದಾಗಿ ಕಾಣುತ್ತದೆ. ಮುಂಗಾರಿನ ಚಿತ್ರವೊಂದನ್ನೇ ನೆಚ್ಚಿದವರು ಅದನ್ನು ‘ಬೀಳು’ ಎಂದು ಬರೆಯುತ್ತಾರೆ. ರೈತನಿಗೆ ಅದು ಹದ ಕೂಡಿಡುವ ಕಾಲ, ಬೇಸಾಯದ ಅರ್ಧ. ಬೇಸಿಗೆಯ ಚಿತ್ರದಲ್ಲಿ ದಟ್ಟ ಹಸಿರಾಗಿ ಕಾಣುವ ತುಂಡು ತೋಟವಿರಬಹುದು, ಕೈಬಿಟ್ಟ ಸವಳು ನೆಲದಲ್ಲಿ ಹಬ್ಬಿದ ಬಳ್ಳಾರಿ ಜಾಲಿಯೂ ಇರಬಹುದು: ಒಂದು ಈ ಸೀಮೆಯ ಅತಿ ಫಲವತ್ತಾದ ನೆಲ, ಇನ್ನೊಂದು ಕೆಟ್ಟ ನೆಲ. ಬಣ್ಣದಿಂದ ಇಂಗಾಲ ಹೇಳುವ ಲೆಕ್ಕಗಳು ತಂಪುನಾಡಿನ ಮಣ್ಣಿನಲ್ಲಿ ನಡೆಯುತ್ತವೆ, ಅಲ್ಲಿ ಕಪ್ಪೆಂದರೆ ಕೊಳೆತ ಸಸ್ಯಾಂಶ. ಇಲ್ಲಿಯ ಎರೆ ಅರ್ಧ ಶೇಕಡ ಇಂಗಾಲದಲ್ಲೂ ಕಾಡಿಗೆಯಂತೆ ಕಪ್ಪು. ಹೊಲಕ್ಕೆ ಗಾಡಿಗಟ್ಟಲೆ ಮರಳು ಹೇರಿ ಎರೆಗೆ ಹೊದಿಕೆ ಹಾಕುವ ರೂಢಿ ಉತ್ತರ ಕರ್ನಾಟಕದಲ್ಲಿ ಉಂಟು. ಅಂಥ ಹೊಲ ಮೇಲಿನಿಂದ ಮರಳು, ಗೇಣು ಆಳದಲ್ಲಿ ಜೇಡಿ.

ಹಾಗೆಂದು ಯಂತ್ರದ ಅಂದಾಜನ್ನು ತಳ್ಳಿಹಾಕುವುದೂ ಸರಿಯಲ್ಲ. ಮೋಡ ಕವಿದ ತಿಂಗಳಲ್ಲೂ ರೇಡಾರ್ ಚಿತ್ರ ನೀರು ನಿಂತ ಗದ್ದೆಯನ್ನು ಗುರುತಿಸಬಲ್ಲದು. ಎಲ್ಲೆಲ್ಲಿ ಭತ್ತ ಹಬ್ಬಿದೆ, ಕಾಲುವೆಯ ಕೊನೆಯಲ್ಲಿ ಯಾವ ವರ್ಷ ನೀರು ಮುಟ್ಟಲಿಲ್ಲ ಎಂದು ಹೇಳಲು ಅದಕ್ಕಿಂತ ನಿಷ್ಪಕ್ಷಪಾತ ಸಾಕ್ಷಿ ಇಲ್ಲ. ಮಣ್ಣು ವಿಜ್ಞಾನಿ ಹ್ಯಾನ್ಸ್ ಯೆನ್ನಿ 1941ರಲ್ಲಿ ಬರೆದಂತೆ ಮಣ್ಣು ಹವೆ, ಜೀವಿಗಳು, ನೆಲದ ಏರಿಳಿತ, ಮೂಲಶಿಲೆ, ಕಾಲ ಈ ಐದರ ಫಲ. ಇವುಗಳ ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟು, ಗುಂಡಿಗಳ ಅಂಕಿಯಿಂದ ಕಲಿತು, ನಡುವಣ ನೆಲದ ಗುಣವನ್ನು ಊಹಿಸುವ ಡಿಜಿಟಲ್ ವಿಧಾನ ತಾತ್ವಿಕವಾಗಿ ಗಟ್ಟಿಯಾದದ್ದೇ. ಗುಡ್ಡದಿಂದ ಬಯಲಿಗೆ ಗರಸು, ಮಸಾರಿ, ಮಸಬು, ಎರೆ ಎಂದು ಸಾಗುವ ಈ ಸೀಮೆ ಅದಕ್ಕೆ ಹೇಳಿ ಮಾಡಿಸಿದಂತಿದೆ. ಯೆನ್ನಿಯ ಐದರಲ್ಲಿ ಬಿಡಿಯಾಗಿ ಎದ್ದು ಕಾಣದೆ ಜೀವಿಗಳ ಸಾಲಿನಲ್ಲಿ ಅಡಗಿರುವ ಮನುಷ್ಯನ ಕೈಯೇ ಇಲ್ಲಿ ಎಲ್ಲಕ್ಕಿಂತ ಬಲವಾದದ್ದು: ಕಾಲುವೆಯಿಂದ ಎಷ್ಟು ದೂರ, ಎಷ್ಟು ವರ್ಷದಿಂದ ಭತ್ತ, ಬಸಿಗಾಲುವೆ ಇದೆಯೇ ಎಂಬ ಮೂರು ಸಂಗತಿಗಳನ್ನು ಸೇರಿಸದ ಲೆಕ್ಕ ಸಿರುಗುಪ್ಪದ ಉಪ್ಪನ್ನು ಹಿಡಿಯಲಾರದು. ಇಡೀ ಜಗತ್ತಿಗೆ ಒಂದೇ ಮಾದರಿಯಿಂದ ಮಾಡಿದ, 250 ಮೀಟರ್ ಚುಕ್ಕಿಯ ಮಣ್ಣಿನ ನಕ್ಷೆಗಳು ಇಂದು ಯಾರಿಗೂ ಉಚಿತವಾಗಿ ಸಿಗುತ್ತವೆ. ಒಂದು ಚುಕ್ಕಿಗೆ ಹದಿನೈದು ಎಕರೆ. ಖಂಡದ ಹವಾಮಾನ ಲೆಕ್ಕಕ್ಕೆ ಅವು ಸಾಕು, ರೂಪನಗುಡಿಯ ಹೊಲಕ್ಕೆ ಸೋಡಿಯಂ ಕಳೆಯಲು ಜಿಪ್ಸಂ ಎಷ್ಟು ಹಾಕಬೇಕೆಂದು ಹೇಳಲು ಅಲ್ಲ.

ರೈತನಿಗೆ ತನ್ನ ಹೊಲ ಗೊತ್ತಿರುವಾಗ ನಕ್ಷೆ ಯಾರಿಗಾಗಿ ಎಂಬುದು ಇನ್ನೊಂದು ಆಕ್ಷೇಪ. ಎರೆ, ಮಸಾರಿ, ಮಸಬು, ಗರಸು, ಮರಡಿ, ಕರಲು, ಸವಳು ಎಂಬ ಒಂದೊಂದು ಹೆಸರಿನ ಹಿಂದೆ ತಲೆಮಾರುಗಳ ಪರೀಕ್ಷೆ ಇದೆ, ನಿಜ. ವಿಜ್ಞಾನಿಯ ವರ್ಟಿಸಾಲ್ ಎಂಬ ಹೆಸರಿಗಿಂತ ‘ಎರೆ’ ಎಂಬುದು ಕೆಲಸಕ್ಕೆ ಹತ್ತಿರದ ಮಾತು, ಮಣ್ಣಿನ ನಕ್ಷೆಯ ಸೂಚಿಯಲ್ಲಿ ಮೊದಲು ಬರಬೇಕಾದದ್ದೂ ಅದೇ ಎಂದು ನನ್ನ ಅಭಿಪ್ರಾಯ. ಆದರೆ ರೈತನ ತಿಳಿವಳಿಕೆ ತನ್ನ ಹೊಲದ ಬದುವಿನವರೆಗೆ; ಉಪ್ಪು ಬದುವಿಗೆ ನಿಲ್ಲುವುದಿಲ್ಲ. ಮೇಲಿನ ಗದ್ದೆಯ ನೀರು ಕೆಳಗಿನ ಹೊಲದಲ್ಲಿ ಉಪ್ಪಾಗಿ ಏಳುತ್ತದೆ, ಬಸಿಗಾಲುವೆಯನ್ನು ಒಬ್ಬ ರೈತ ತನ್ನಷ್ಟಕ್ಕೆ ತೋಡಲಾರ. ಗುತ್ತಿಗೆಗೆ ಹಿಡಿದು ಭತ್ತ ಬೆಳೆಯುವವನಿಗೆ ಆ ನೆಲದ ಹಿಂದಿನ ಇಪ್ಪತ್ತು ವರ್ಷ ಗೊತ್ತಿರುವುದಿಲ್ಲ. ಬ್ಯಾಂಕಿಗೆ, ವಿಮೆಯವರಿಗೆ, ಕಾಲುವೆಗೆ ನೀರು ಬಿಡುವವರಿಗೆ ರೈತನ ನೆನಪು ದಾಖಲೆಯಲ್ಲ. ಬಾಯಿಮಾತಿನ ತಿಳಿವಳಿಕೆಯನ್ನು ಹಕ್ಕಿನ ಮಾತಾಗಿ ಮಾಡುವುದು ನಕ್ಷೆ.

2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ಇದನ್ನೆಲ್ಲ ಮಾಡಿಲ್ಲವೇ ಎಂದು ಕೇಳುವವರಿದ್ದಾರೆ. ನೀರಾವರಿಯಲ್ಲಿ 2.5 ಹೆಕ್ಟೇರಿಗೆ, ಮಳೆಯಾಶ್ರಿತದಲ್ಲಿ 10 ಹೆಕ್ಟೇರಿಗೆ ಒಂದರಂತೆ ಮಣ್ಣು ತೆಗೆದು 12 ಗುಣಗಳನ್ನು ಅದು ಹೇಳುತ್ತದೆ. ಅದಕ್ಕೂ ಮೊದಲು 2009ರಿಂದ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆಯ ಜೊತೆ ಕರ್ನಾಟಕ ನಡೆಸಿದ ಭೂಚೇತನ ಯೋಜನೆ ಸತು, ಬೋರಾನ್, ಗಂಧಕಗಳ ಕೊರತೆ ಎಷ್ಟು ವ್ಯಾಪಕ ಎಂದು ತೋರಿಸಿ ಉಪಕಾರ ಮಾಡಿತು. ಆದರೆ ಇವೆರಡೂ ಮೇಲ್ಮಣ್ಣಿನ ಗೊಬ್ಬರದ ಲೆಕ್ಕಗಳು. ಗೇಣು ಆಳದ ಕೆಳಗೆ ಸೋಡಿಯಂ ಇದೆಯೇ, ಗರಸು ಎಲ್ಲಿ ಸಿಗುತ್ತದೆ, ನೀರು ಇಂಗುತ್ತದೆಯೇ ಎಂಬುದಕ್ಕೆ ಚೀಟಿಯಲ್ಲಿ ಜಾಗವಿಲ್ಲ. ಖರ್ಚಿನ ಮಾತು ಎತ್ತುವವರಿಗೂ ಉತ್ತರವಿದೆ: ಆಳ, ಪದರ, ಜೇಡಿಯ ಜಾತಿ ಇವು ಒಂದು ಸಲ ಬರೆದಿಟ್ಟರೆ ತಲೆಮಾರುಗಟ್ಟಲೆ ನಿಲ್ಲುವ ಸಂಗತಿಗಳು. ಬೇಗ ಬದಲಾಗುವುದು ಉಪ್ಪು, ಸೋಡಿಯಂ, ಅಂತರ್ಜಲದ ಮಟ್ಟ, ಬೆಳೆ. ಮೊದಲಿನವಕ್ಕೆ ಒಂದು ದೊಡ್ಡ ಸಮೀಕ್ಷೆ ಸಾಕು. ಎರಡನೆಯವಕ್ಕೆ ಕಾಲುವೆಯುದ್ದಕ್ಕೂ ಗುರುತಿಸಿದ ಕೆಲವು ನೂರು ಜಾಗಗಳಲ್ಲಿ ಮುಂಗಾರಿಗೆ ಮೊದಲೊಮ್ಮೆ, ಹಿಂಗಾರು ಕಳೆದ ಮೇಲೊಮ್ಮೆ ಮಣ್ಣು ತೆಗೆದು ನೋಡಿದರೆ ಸಾಕು. ಬೆಳೆಯನ್ನಂತೂ ರಾಜ್ಯದ ಬೆಳೆ ಸಮೀಕ್ಷೆ ಈಗಾಗಲೇ ಹಂಗಾಮಿಗೊಮ್ಮೆ ಸರ್ವೆ ನಂಬರುವಾರು ಮೊಬೈಲಿನಲ್ಲಿ ದಾಖಲಿಸುತ್ತಿದೆ. ಈ ದಾಖಲೆಯನ್ನು ಮಣ್ಣಿನ ಗುಂಡಿಗಳ ಪಕ್ಕ ಇಟ್ಟು ಓದಿದರೆ ಸಿಗುವಷ್ಟು ಒಳ್ಳೆಯ ಸಾಧನ ದೇಶದ ಬಹಳಷ್ಟು ಕಡೆ ಇಲ್ಲ. ಹಗರಿ, ಸಿರುಗುಪ್ಪ, ಗಂಗಾವತಿಯ ಕೃಷಿ ಕೇಂದ್ರಗಳು, ಬಳ್ಳಾರಿಯ ಮಣ್ಣು ಸಂರಕ್ಷಣಾ ಕೇಂದ್ರ, ರಾಯಚೂರು ಕೃಷಿ ವಿಶ್ವವಿದ್ಯಾಲಯ ಇವೆಲ್ಲ ಒಂದು ದಿನದ ದಾರಿಯೊಳಗೇ ಇವೆ.

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಗೇಟು ಕಿತ್ತುಹೋದಾಗ ಈ ಸೀಮೆಯ ಎಲ್ಲರೂ ನೀರಿನ ಲೆಕ್ಕ ಹಾಕಿದರು. ಜಲಾಶಯದಲ್ಲಿ ಹೂಳು ತುಂಬಿ, ಮೊದಲು 133 ಟಿಎಂಸಿಯಷ್ಟಿದ್ದ ಸಾಮರ್ಥ್ಯ ಇಂದು 105ರ ಆಸುಪಾಸಿಗೆ ಇಳಿದಿದೆ. ಮುಂದೆ ನೀರು ಹಂಚಿಕೊಳ್ಳುವಾಗ ಯಾವ ಹೊಲಕ್ಕೆ ಭತ್ತ, ಯಾವುದಕ್ಕೆ ಜೋಳ ಎಂಬ ಹಳೆಯ ಪ್ರಶ್ನೆ ಮತ್ತೆ ಏಳಲಿದೆ. ಅದಕ್ಕೆ ಉತ್ತರ ಕೊಡುವಾಗ 1950ರ ದಶಕದ ಗೆರೆಗಳನ್ನೇ ಮತ್ತೆ ತೆಗೆಯುವುದು ನ್ಯಾಯವಲ್ಲ, ಗೆರೆಯೇ ಇಲ್ಲದೆ ಬಿಡುವುದೂ ನ್ಯಾಯವಲ್ಲ. ಪ್ರತಿ ರೈತನ ಪಹಣಿಯಲ್ಲಿ ‘ಮಣ್ಣಿನ ನಮೂನೆ’ ಎಂಬ ಅಂಕಣ ಈಗಲೂ ಇದೆ. ಅಲ್ಲಿ ಒಂದು ಬಣ್ಣದ ಹೆಸರು ಸಾಲದು. ಆ ಹೊಲದ ಮಣ್ಣಿನ ಊರ ಹೆಸರು, ಅದರ ಆಳ, ಕೆಳಪದರದ ಉಪ್ಪು-ಸೋಡಿಯಂ, ಅಳೆದ ವರ್ಷ ಇಷ್ಟನ್ನು ಆ ಅಂಕಣದಲ್ಲಿ ಬರೆಯುವ ಕೆಲಸವನ್ನು ಕಂದಾಯ ಮತ್ತು ಕೃಷಿ ಇಲಾಖೆಗಳು ಸೇರಿ ರೂಪನಗುಡಿ ಹೋಬಳಿಯಿಂದ ಆರಂಭಿಸಬೇಕು.